ಹವಳ ಕೊಟ್ಟ ಅಣ್ಣ

ನಾನೆಂಥ ಮೇಧಾವಿ ಅಂದ್ರೆ, ಮನೇಲಿ ಸಮುದ್ರದ ಜೀವಂತ ಹವಳ ಸಾಕೋ ಗಾಜಿನ ತೊಟ್ಟೀಲಿ ಫಾಸ್ಫೇಟ್ ಜಾಸ್ತಿಯಾಗಿ ಪಾಚಿ ಕಟ್ತು ಅಂತ, ದಿನಕ್ಕೆ ನಾಕು ಹನಿ ಬಿಡೋ ಔಷ್ದೀನ ಗದ್ದೆಗೆ ಗೊಬ್ಬರ ಎರಚ್ದಂಗೆ ಪೂರ್ತಿ ಸುರಿದ್ಬುಟ್ಟೆ. ನೀರು ಮಜ್ಜಿಗೆಯಾಯ್ತು, ಹವಳ ಮುದುರ್ಕೊಂತು.

ಆ ಹವಳ ಹಾಸನದ ಅಕ್ವೇರಿಯಂ ಅಂಗಡಿ ಅಣ್ಣ ತನ್ನ ತೊಟ್ಟೀಲಿ ಬೆಳೆದಿದ್ರಿಂದ್ಲೇ ಒಂದು ಚೂರು ಮುರಿದು ಕೊಟ್ಟಿದ್ದು. ಚಿಲ್ರೆ ಕೇಳಿದ್ರೂ "ನಿಧಾನ ಕಣ್ಲಾ" ಅನ್ನೋ ಮನುಷ್ಯ, ಫೋನ್ ಮಾಡಿದ್ದೇ ತಡ, ಉಪ್ಪುನೀರಿನ ಕ್ಯಾನ್ ಕಟ್ಕೊಂಡು ಹೊಳೆನರಸೀಪುರದ ನಮ್ಮನೆಗೆ ಸ್ಕೂಟರ್ ಓಡ್ಸ್ಕೊಂಡು ಬಂದ.

ಗಾಜಿಗೆ ಹಣೆ ಒತ್ತಿ ನೋಡ್ದ. ಬೈಲಿಲ್ಲ. ಚೊಂಬಲ್ಲಿ ನೀರು ಬದಲಾಯಿಸ್ತಾ ಕೂತ. ನಾನು ಬಕೆಟ್ ಎತ್ತಿದ್ರೆ ಕೈ ಹಿಡ್ಕೊಂಡ: "ನಿಧಾನ ಕಣ್ಲಾ, ನೀರು ಒಂದೇ ಸಲ ಬದಲಾಯಿಸಿದ್ರೆ ಸತ್ತೋಯ್ತದೆ."

ಕೊನೆಗೆ ಹವಳದ ಒಂದು ಎಸಳು ಅರಳ್ತು. ಹೊರಡ್ತಾ ಅಣ್ಣ ಅಂದ: "ಇನ್ಮೇಲೆ ಇದಕ್ಕೆ ಏನಾದ್ರೂ ಮಾಡ್ಬೇಕು ಅನ್ನಿಸ್ದಾಗೆಲ್ಲ ನಮ್ಮಂಗ್ಡಿಗೆ ಬಂದ್ಬುಡು, ಟೀ ಕುಡ್ಸ್ತೀನಿ. ತೊಟ್ಟಿ ಹತ್ರ ಮಾತ್ರ ಓಗ್ಬ್ಯಾಡ."