ನಮ್ಮ ಆಯಿಯ ಕಲ್ಲು

ಬೆಟಗೇರಿಯ ನಮ್ಮ ಹಳೆಯ ಚರ್ಚಿನಲ್ಲಿ ದಾನಿಯ ಹೆಸರಿಲ್ಲದ ವಸ್ತು ಹುಡುಕುವುದು ಕಷ್ಟ. ಬೆಂಚಿನ ಬೆನ್ನಿಗೆ ಹೆಸರು, ಗಡಿಯಾರದ ಹೊಟ್ಟೆಗೆ ಹೆಸರು, ಫ್ಯಾನಿನ ರೆಕ್ಕೆಗೂ ಹೆಸರು. ಕರೆಂಟಿದ್ದು ಫ್ಯಾನು ತಿರುಗಿದರೆ ಅಷ್ಟಾದರೂ ಓದುವುದು ತಪ್ಪುತ್ತದೆ. ಊರಿನ ಜಾಯಮಾನವೇ ಇದು. ಗುಡಿ, ಮಠ, ಬಸ್ ಸ್ಟ್ಯಾಂಡಿನ ನೀರಿನ ಟಾಕಿ, ಎಲ್ಲ ಕಡೆ ಹೀಗೆಯೇ ಇರುವಾಗ ನಾವು ಹಿಂದೆ ಬೀಳುತ್ತೇವೆಯೇ?

ಗೋಡೆಯ ಹಳೆಯ ಸ್ಮಾರಕದ ಕಲ್ಲುಗಳಿಗೆ ಮಾತ್ರ ಈ ರೋಗ ತಗುಲಿರಲಿಲ್ಲ. ಹೆಚ್ಚಿನವು ಮಿಷನ್ ಕಾಲದ ಬಿಳಿಯ ಪಾದ್ರಿಗಳವು. ಬಾಗಿಲ ಹತ್ತಿರದ ಚಿಕ್ಕದೊಂದು ನಮ್ಮವ್ವನ ಅಜ್ಜಿಯದು. ನಾವೆಲ್ಲ ಆಯಿ ಎನ್ನುವುದು ಆಕೆಯನ್ನೇ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದ ನೇಕಾರರ ಹೆಂಗಸು. ಪ್ಲೇಗು ಬಂದು ಊರಿಗೆ ಊರೇ ಹೊಲದ ಗುಡಿಸಲು ಸೇರಿದಾಗ ಆಕೆ ಹೋಗಲಿಲ್ಲ. ಕಲ್ಲಿನಲ್ಲಿ ಹೆಸರು, ಹೆಸರಿನ ಕೆಳಗೆ ‘ಪ್ಲೇಗು ಬಡಿದವರಿಗೆ ನೀರು ಕೊಡುತ್ತ ಪ್ರಾಣ ಬಿಟ್ಟಳು’ ಎಂಬ ಒಂದೇ ಮಾತು. ಆಕೆಯ ಫೋಟೋ ಇಲ್ಲ, ಸಮಾಧಿ ಎಲ್ಲಿತ್ತೋ ಗೊತ್ತಿಲ್ಲ. ಅವ್ವನ ಪಾಲಿಗೆ ಆಯಿ ಎಂದರೆ ಆ ಕಲ್ಲೇ. ಭಾನುವಾರ ಬಂದೊಡನೆ ಅದನ್ನು ಸೆರಗಿನಿಂದ ಒರೆಸಿ, ಪಕ್ಕದ ಬೆಂಚಿನಲ್ಲೇ ಕೂರುವಳು.

ಹೋದ ವರ್ಷ ಗೋಡೆಗೆ ತೇವ ಏರಿತು. ಕಮಿಟಿಯವರು ಕಿಟಕಿಯವರೆಗೆ ಟೈಲ್ಸ್ ಕೂಡಿಸಲು ಹೊರಟರು. ಗದಗಿನಲ್ಲಿ ಸೀರೆ ಅಂಗಡಿ ಇಟ್ಟಿರುವ ನಮ್ಮಣ್ಣನೂ ಆ ಕಮಿಟಿಯಲ್ಲಿದ್ದಾನೆ. ಎತ್ತರದಲ್ಲಿದ್ದ ಪಾದ್ರಿಗಳು ಬಚಾವಾದರು. ಆಯಿ ತಗ್ಗಿನಲ್ಲಿದ್ದಳು.

“ಆ ಕಲ್ಲು ತಗದು ಮ್ಯಾಲ ಹಚ್ಚಸಣ್ಣ,” ಎಂದೆ.

“ಕಿತ್ತರ ಒಡೀತೈತಿ ಅಂತ ಗೌಂಡಿ ಅಂದಾನ. ನೀ ಸುಮ್ಕಿರವಾ. ನಮ್ಮ ಖರ್ಚಿನ್ಯಾಗ ಛಲೋ ಗ್ರಾನೈಟ್ ಮಾಡಸ್ತೇನಿ.”

“ಅದರಾಗಿನ ಮಾತು ಒಂದೂ ಬಿಡಬ್ಯಾಡಪಾ,” ಎಂದಳು ಅವ್ವ.

“ಆತು ಬಿಡಬೇ,” ಎಂದ ಅಣ್ಣ. ಆಯಿಯ ಕಲ್ಲನ್ನು ಅಲ್ಲೇ ಬಿಟ್ಟು ಅದರ ಮೇಲೆ ಸಿಮೆಂಟು ಮೆತ್ತಿ ಟೈಲ್ಸ್ ಕೂಡಿಸಿದರು.

ಹೊಸ ಕಲ್ಲಿನ ಪರದೆ ಸರಿಸಿದ ಭಾನುವಾರ ನನ್ನ ಮೈಯೆಲ್ಲ ಉರಿದುಹೋಯಿತು. ಕಪ್ಪು ಗ್ರಾನೈಟಿನ ನೆತ್ತಿಯಲ್ಲಿ ಆಯಿಯ ಹೆಸರು. ಅದರಡಿ ‘ಇವರ ಸ್ಮರಣಾರ್ಥ ಸೇವೆ’ ಎಂದು ಬರೆದು, ಬಂಗಾರದ ಬಣ್ಣದಲ್ಲಿ ಅಣ್ಣ, ಅತ್ತಿಗೆ, ಮಕ್ಕಳು, ಸೊಸೆ, ಅವ್ವ, ನಾನು. ಮೊನ್ನೆ ಹುಟ್ಟಿದ ಮೊಮ್ಮಗು ಕೂಡ. ಗಟ್ಟಿಮುಟ್ಟಾಗಿ ಬದುಕಿರುವ ನಾನು ಸತ್ತವರ ಗೋಡೆಯ ಮೇಲೆ ಮಿಂಚುತ್ತಿದ್ದೆ!

“ಪ್ಲೇಗಿನ ಮಾತು ಎಲ್ಲಿ?” ಎಂದಳು ಅವ್ವ.

“ಜಾಗಾ ಸಾಲಲಿಲ್ಲಬೇ. ಮನ್ಯಾನವರ ಎಲ್ಲಾರ ಹೆಸರು ಬರಬೇಕಲ್ಲ? ಒಬ್ಬರನ್ನ ಬಿಟ್ಟರ ಸಿಟ್ಟಾಗತಾರ.”

ಅವನ ಮನಸ್ಸಿನಲ್ಲಿ ಕಪಟವೇನೂ ಇರಲಿಲ್ಲ. ತಲೆ ಚಚ್ಚಿಕೊಳ್ಳಬೇಕಾದದ್ದೇ ಅದಕ್ಕೆ. ಕಪಟಿಯನ್ನಾದರೆ ಬೈಯಬಹುದು, ಊರೆಲ್ಲ ಮಾಡುವುದನ್ನೇ ಮಾಡಿ ಹೊಗಳಿಕೆಗೆ ಕಾಯುತ್ತ ನಿಂತವನಿಗೆ ಏನು ಹೇಳುವುದು? ಆದರೂ ಬೈಯಲೆಂದು ಬಾಯಿ ತೆರೆಯುವಷ್ಟರಲ್ಲಿ ಪಾಸ್ಟರ್ ಮೈಕಿನಲ್ಲಿ, “ಕಲ್ಲು ಕೊಟ್ಟ ಕುಟುಂಬದವರು ಎದ್ದು ನಿಂದರ್ರಿ,” ಎಂದರು.

ಸಭೆ ಚಪ್ಪಾಳೆ ತಟ್ಟಿತು. ಅಣ್ಣ ಎದ್ದ, ಅತ್ತಿಗೆ ಎದ್ದಳು. ನಾನೂ ಹಲ್ಲು ಕಚ್ಚಿಕೊಂಡು ಎದ್ದೆ. ಅವ್ವ ತನ್ನ ಎಂದಿನ ಬೆಂಚಿನಲ್ಲಿ ಕುಳಿತೇ ಇದ್ದಳು.

“ಏಳಬೇ ಅವ್ವಾ, ಎಲ್ಲಾರೂ ನೋಡಾಕತ್ತಾರ,” ಎಂದು ಅಣ್ಣ ಪಿಸುಗುಟ್ಟಿದ.

“ನಾ ಏನ್ ಕೊಟ್ಟೇನಿ?” ಅವ್ವ ಪಕ್ಕದ ಟೈಲ್ಸಿನ ಮೇಲೆ ಅಂಗೈ ಇಟ್ಟಳು. “ಕೊಟ್ಟಾಕಿ ಈ ಗ್ವಾಡಿಯೊಳಗ ಅದಾಳ. ಆಕೀನ್ನ ಎಬ್ಬಸು.”