ಎರಡು ಮುಲ್ಕಿ

ನಾನು ರೋಣದ ಕಡೆಯವಳು. ಅದು ಆಗ ಬ್ರಿಟಿಷರ ಮುಂಬೈ ಇಲಾಖೆ. ಅಲ್ಲಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಮದುವೆಯಾಗಿ ಬಂದದ್ದು ಕುಷ್ಟಗಿಗೆ, ನಿಜಾಮರ ಸೀಮೆಗೆ. ಎತ್ತಿನ ಬಂಡಿಯಲ್ಲಿ ಒಂದು ದಿನದ ದಾರಿ, ಅಷ್ಟೇ. ಆದರೆ ಇಲ್ಲಿ ಕಚೇರಿಗೆ ಏನು ಬರೆದರೂ ಉರ್ದುವಿನಲ್ಲೇ ಬರೆಯಬೇಕು.

ಹೆಣ್ಣುಮಕ್ಕಳ ಶಾಲೆಗೆ ಕನ್ನಡ ಕಲಿಸಲು ಅಕ್ಕೋರು ಬೇಕಾಗಿದ್ದಾರೆಂಬ ಸುದ್ದಿ ತಂದವರು ನಮ್ಮ ಮಾವನವರೇ. ಒಕ್ಕಲುತನದವರು, ಓದು ಬರಹ ಬಾರದವರು. “ಕಲಿತದ್ದು ಒಲಿ ಮುಂದ ಯಾಕ ಸುಡಬೇಕು? ಅರ್ಜಿ ಹಾಕವಾ” ಎಂದರು. ಗದಗಿನ ಅರಳೆ ಅಂಗಡಿಯಲ್ಲಿ ಕೆಲಸಕ್ಕಿದ್ದ ನನ್ನ ಯಜಮಾನರೂ ಒಪ್ಪಿದರು.

ಎದುರು ಮನೆಯ ಖಾಲಾ ತಮ್ಮ ತಂದೆಯಿಂದ ಉರ್ದು ಕಲಿತವರು. ನಾನು ಕನ್ನಡದಲ್ಲಿ ಹೇಳಿದೆ, ಅವರು ಬರೆದರು. ಬರೆದದ್ದನ್ನು ಓದಿ ಅರ್ಥ ಹೇಳಿದಾಗ ಮೊದಲ ಅರ್ಧ ಪುಟ ಬರೀ ಶಾಲೆಗಳ ಸಾಹೇಬರ ಹೊಗಳಿಕೆ, ನನ್ನ ವಿನಯ.

“ಇಷ್ಟು ಬಗ್ಗಬೇಕೇನ್ರಿ ಖಾಲಾ?”

“ಬಗ್ಗೋದು ಕಾಗದ, ಬೇಟಿ. ನೀ ನೆಟ್ಟಗ ಕುಂದ್ರು.”

ಕೆಲವು ವಾರಗಳ ಮೇಲೆ ಉತ್ತರ ಬಂತು: ಮುಲ್ಕಿ ಎಂಬುದಕ್ಕೆ ದಾಖಲೆ ಕಳಿಸಬೇಕು. ನಾನು ಹಿಗ್ಗಿ, ಪರೀಕ್ಷೆಯ ಸರ್ಟಿಫಿಕೇಟನ್ನೇ ಲಕೋಟೆಗೆ ಹಾಕಿ ಕಳಿಸಿದೆ. ಅದು ತಿರುಗಿ ಬಂತು, ಜೊತೆಗೊಂದು ಚೀಟಿ. ಖಾಲಾ ಓದಿ ಚೀಟಿ ಮಡಚಿದರು.

“ಏನಂತ್ರಿ?”

“ನೀ ಗೈರ್‌ಮುಲ್ಕಿ ಅಂತ ಬರದಾರ.”

“ಪಾಸಾದಾಕಿನ್ನ ನಪಾಸ್ ಅಂತಾರೇನ್ರಿ?”

ಖಾಲಾ ನನ್ನ ಮುಖವನ್ನೂ ಆ ಸರ್ಟಿಫಿಕೇಟನ್ನೂ ನೋಡಿದರು. ಅವರಿಗೆ ಥಟ್ಟನೆ ಹೊಳೆಯಿತು, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ನಮ್ಮ ಕಡೆ ಮುಲ್ಕಿ ಎಂದರೆ ಪರೀಕ್ಷೆ. ನಿಜಾಮರ ಸರಕಾರದಲ್ಲಿ ಮುಲ್ಕಿ ಎಂದರೆ ಈ ಸೀಮೆಯ ಮನುಷ್ಯ. ಗೈರ್‌ಮುಲ್ಕಿ ಎಂದರೆ ಹೊರಗಿನವರು, ಅವರಿಗೆ ನೌಕರಿ ಇಲ್ಲ. ನಾನೋ ಹೊರಗಿನವಳೆಂದು ನಾನೇ ಸಾಕ್ಷಿ ಕಳಿಸಿದ್ದೆ. ನನಗೆ ನಗು ಬರಲಿಲ್ಲ, ಕಣ್ಣಲ್ಲಿ ನೀರು ಬಂತು.

“ಅಳಬ್ಯಾಡ. ಗಂಡ ಮುಲ್ಕಿ ಇದ್ರ ಹೆಂಡ್ತಿನೂ ಮುಲ್ಕಿ. ಅದಕ್ಕ ಪುರಾವೆ ಕೊಡೂಣು” ಎಂದರು ಖಾಲಾ.

ಪುರಾವೆ ಎಂದರೆ ಮಾವನವರ ಹೊಲದ ಹಳೆಯ ದಾಖಲೆ. ಅದರ ನಕಲು ಕೇಳಿ ತಹಶೀಲ ಕಚೇರಿಗೆ ಇನ್ನೊಂದು ಅರ್ಜಿ ಬರೆದೆವು. ಈ ಸಲ ಖಾಲಾ ಬರೆದ ಒಂದೊಂದು ಮಾತಿಗೂ ಅರ್ಥ ಕೇಳಿದೆ. ಮಾವನವರು ಬುತ್ತಿ ಕಟ್ಟಿಕೊಂಡು ಹೋಗಿ ಕಚೇರಿಯ ಕಟ್ಟೆಯ ಮೇಲೆ ಕೂಡುತ್ತಿದ್ದರು. ಸಂಜೆ ಬರಿಗೈಲಿ ಬಂದು, “ಹುಡುಕಾಕ ಹತ್ಯಾರವಾ” ಎನ್ನುತ್ತಿದ್ದರು. ಹೀಗೆ ಎಷ್ಟೋ ದಿನ. ದಾಖಲೆ ಗೆದ್ದಲು ತಿಂದಿದ್ದರೆ ಎಂಬ ಚಿಂತೆಯಲ್ಲಿ ನನಗೆ ರೊಟ್ಟಿ ಬಡಿಯುವಾಗಲೂ ಕೈ ನಿಲ್ಲುತ್ತಿತ್ತು. ಕೊನೆಗೊಂದು ಮಧ್ಯಾಹ್ನ ಅವರು ಮೊಹರು ಹಾಕಿದ ನಕಲನ್ನು ರುಮಾಲಿನ ಮಡಿಕೆಯಿಂದ ತೆಗೆದು ನನ್ನ ಕೈಗಿಟ್ಟರು. ಅದರಲ್ಲಿ ಅವರ ಅಜ್ಜನ ಹೆಸರೂ ಇತ್ತು.

ನಕಲನ್ನೂ ಸರ್ಟಿಫಿಕೇಟನ್ನೂ ಕೂಡಿಸಿ ಮತ್ತೆ ಕಳಿಸಿದ ಮೇಲೆ, ಶಾಲೆಗಳ ಸಾಹೇಬರು ಯಲಬುರ್ಗಿಯಲ್ಲಿ ಮೊಕ್ಕಾಂ ಮಾಡಿದ್ದಾಗ ನನ್ನನ್ನು ಕರೆಸಿದರು. ಮಾವನವರು ಬಂಡಿ ಹೂಡಿದರು. ವಯಸ್ಸಾದ ಆ ಸಾಹೇಬರು ನಕಲನ್ನೂ ಸರ್ಟಿಫಿಕೇಟನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡರು.

“ಇದು ಮುಲ್ಕಿ, ಇದೂ ಮುಲ್ಕಿ. ಅಲ್ಲೇನಮ್ಮ?”

“ಹೌದ್ರಿ ಸಾಹೇಬ್ರ. ಒಂದು ನಾ ಗಳಿಸಿದ್ದು, ಒಂದು ಗಂಡನ ಮನಿದು.”

ಅವರ ಮೀಸೆಯ ಕೆಳಗೆ ನಗು ಸುಳಿಯಿತು. ಒಂದು ಕನ್ನಡ ಪುಸ್ತಕ ಕೊಟ್ಟು ಓದಿಸಿದರು, ಎರಡು ಸಾಲು ಬರೆಸಿದರು. “ಸೋಮವಾರದಿಂದ ಶಾಲೆಗೆ ಬನ್ನಿ” ಎಂದರು.

ಹೊರಗೆ ಬಂದು ಮಾವನವರಿಗೆ ಹೇಳಿದೆ. ಅವರು ಬೇವಿನ ಮರದ ಬುಡದಲ್ಲಿ ಕೂತು, ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು. ಆಮೇಲೆ, ಎಂದೂ ಹೋಟೆಲಿನ ಮೆಟ್ಟಿಲು ಹತ್ತದವರು, “ನಡಿ, ಚಾ ಕುಡಿಯೂಣು” ಎಂದರು. ನಾನು ಎರಡು ತಟ್ಟೆ ಭಜಿ ತಿಂದೆ. ತಿರುಗಿ ಬರುವಾಗ ಬಂಡಿಯಲ್ಲಿ ಹಾಸಿದ್ದ ಜೋಳದ ಕಣಿಕೆಯ ಮೇಲೆ ತಲೆಯಿಟ್ಟದ್ದಷ್ಟೇ ಗೊತ್ತು. ಊರು ಬಂತೆಂದು ಮಾವನವರು ಎಬ್ಬಿಸುವವರೆಗೂ ಮೈಮರೆತು ನಿದ್ದೆ ಮಾಡಿದೆ.