ಜನರೇಟರಿಗೆ ಒಡೆದ ಕಾಯಿ

ದೊಡ್ಡಪ್ಪ ತೆಂಗಿನಕಾಯಿಯನ್ನು ಜನರೇಟರಿನ ನೆತ್ತಿಯ ಮೇಲೆಯೇ ಒಡೆದುಬಿಟ್ಟರು.

ಎಂಬತ್ತರ ದಶಕ, ಬಿಳಿಚೋಡಿನಲ್ಲಿ ಅಕ್ಕನ ಮದುವೆ. ಕಿಡಿ ಹುಟ್ಟಿಸುವ ಕಾಯಿಲ್ ಸುಟ್ಟು ಚಪ್ಪರದ ಲೈಟೆಲ್ಲ ಆರಿದ್ದವು. ಮೆಕ್ಯಾನಿಕ್ ಬಾಷಾ ಸಾಬರು ಜಗಳೂರಿನಿಂದ ಹೊಸದು ತಂದು ಕೂರಿಸಿ, ಇನ್ನೂ ಮುಚ್ಚಳ ಹಾಕಿರಲಿಲ್ಲ. ಬೀಗರ ದಿಬ್ಬಣ ಅಗಸೆ ಬಾಗಿಲಿಗೆ ಬಂದಾಗಿತ್ತು. ಅಷ್ಟರಲ್ಲಿ ದೊಡ್ಡಪ್ಪ, "ತಡೀರಿ ಸಾಬ್ರೇ, ಹೊಸ ಸಾಮಾನು! ಪೂಜೆ ಇಲ್ದಂಗೆ ಚಾಲೂ ಮಾಡಬಾರ್ದು" ಎಂದು ಮುಂದೆ ಬಂದಿದ್ದರು.

ಕಾಯಿಯ ನೀರೆಲ್ಲ ಹೊಸ ಕಾಯಿಲಿನ ಮೇಲೆ ಸುರಿಯಿತು. ಸಾಬರು ಹಗ್ಗ ಎಳೆದೇ ಎಳೆದರು. ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಬೀಗರು ಕತ್ತಲಲ್ಲಿ ತಡಕಾಡುತ್ತ ಚಪ್ಪರದೊಳಗೆ ಬಂದರು.

ದೊಡ್ಡಪ್ಪ ಎಳ್ಳಷ್ಟೂ ಅಳುಕಲಿಲ್ಲ. "ನೋಡ್ರಿ, ಕಾಯಿ ಒಡೆದ್ರೂ ಹಿಂಗೆ. ಒಡೀದಿದ್ರೆ ಇನ್ನು ಹೆಂಗಾಗ್ತಿತ್ತೋ!"

ಇದಕ್ಕೆ ಉತ್ತರ ನನಗೆ ಇಂದಿಗೂ ಹೊಳೆದಿಲ್ಲ. ಹಾಗಾಗಿ ಮನೆಗೆ ಹೊಸ ಯಂತ್ರ ಬಂದಾಗಲೆಲ್ಲ ನಾನೂ ಕಾಯಿ ಒಡೆಯುತ್ತೇನೆ, ಮಾರು ದೂರ ನಿಂತು.